ದಾಟಿಸದೆ ಬಿಟ್ಟ ವಿಳಾಸ

ಮಧ್ಯಾಹ್ನ ಮಗು ಮಲಗಿದರೂ ನನಗೆ ನಿದ್ದೆಯಿಲ್ಲ. ಹೆರಿಗೆ ರಜೆಗೆ ಮುನ್ನ ಬರೆದ ಕೋಡಿನಲ್ಲಿ ಬ್ಯಾಕಪ್ ವಿಳಾಸವನ್ನು, ಅಂದರೆ ದಾಖಲೆಗಳ ನಕಲು ಹೋಗಿ ಸೇರಬೇಕಾದ ಜಾಗವನ್ನು, ದಾಟಿಸಿದೆನೋ ಇಲ್ಲವೋ, ನೆನಪಾಗುತ್ತಿಲ್ಲ. ಸರ್ವರ್ ಸಜ್ಜುಗೊಳಿಸುವ ನಮ್ಮ ಕೋಡಿನಲ್ಲಿ ಒಂದು ವ್ಯಾಖ್ಯೆಯೊಳಗೆ, ಅಂದರೆ ಹೆಸರಿಟ್ಟ ಕೋಡಿನ ತುಣುಕಿನೊಳಗೆ, ಇನ್ನೊಂದಿರುತ್ತದೆ; ಹೊರಗಿನ ವ್ಯಾಖ್ಯೆ ತನಗೆ ಸಿಕ್ಕ ವಿಳಾಸವನ್ನು ಒಳಗಿನ ವ್ಯಾಖ್ಯೆಗೆ ಕೊಡಬೇಕು. ಕೊಡಲು ಮರೆತರೆ ಒಳಗಿನದು ಗೊಣಗುವುದೂ ಇಲ್ಲ, ಪರೀಕ್ಷೆಗೆಂದು ಮೊದಲೇ ಬರೆದಿಟ್ಟ ವಿಳಾಸವನ್ನೇ ಹಿಡಿದುಕೊಳ್ಳುತ್ತದೆ. ಆ ಜಾಗವನ್ನು ವಾರವಾರ ಅಳಿಸುತ್ತೇವೆ. ನಾಳೆ ಈ ಕೋಡು ಚಾಲೂ ಆಗುತ್ತದೆ; ನಮ್ಮ ಗ್ರಾಹಕರಾದ ಒಂದು ಗ್ರಂಥಾಲಯದ ದಾಖಲೆಗಳ ನಕಲೆಲ್ಲ ಅಲ್ಲಿಗೇ ಹೋದರೆ?

ಅತ್ತೆ ಕಂಪ್ಯೂಟರ್ ಮುಟ್ಟಲು ಬಿಡುವುದಿಲ್ಲ. "ಬಾಣಂತಿ ಪರದೆ ನೋಡಿದ್ರೆ ಕಣ್ಣು ಹೋಗತ್ತೆ. ಎಳ್ಳೆಣ್ಣೆ ಕೋಳಿಸಾರು ಆರ್ತಿದೆ, ಕುಡಿ!"

ಇನ್ನುಳಿದ ದಾರಿ ನಮ್ಮ ತೈಪೆ ಆಫೀಸಿನ ಹಿರಿಯಳು, ಫೆಂಗ್‌ಚ್ಯಾವ್ ಅಕ್ಕ. ಹಿಂದೆ ಒಂದೊಂದು ಯಂತ್ರದ ಮುಂದೆಯೂ ಕೂತು ಕೈಯಾರೆ ಸಜ್ಜುಮಾಡಿದವಳು. ಈಗಲೂ ಹೊಸ ಸರ್ವರ್ ಹಟಮಾಡದಿರಲೆಂದು, ಇಲ್ಲಿನವರ ನಂಬಿಕೆಯಂತೆ, ಅದರ ಮೇಲೊಂದು ಹಸಿರು ಪೊಟ್ಟಣದ ಕುರುಕಲು ತಿಂಡಿ ಇಡುತ್ತಾಳೆ. ನಮ್ಮ ಕೋಡನ್ನು ಗಟ್ಟಿಯಾಗಿ ಓದುತ್ತಾ, "ಇದನ್ನ ಯಾರಿಗೆ ಕೊಟ್ಟೆ?" ಎಂದು ಸಾಲುಸಾಲಿಗೂ ಕೇಳುತ್ತಾಳೆ. ಅವಳನ್ನು ಚೆಕ್‌ಪೋಸ್ಟ್ ಎಂದು ಕರೆಯುತ್ತೇವೆ. ಅವಳಿಗೂ ಗೊತ್ತು, ನಗುತ್ತಾಳೆ. ಅಂಥವಳ ಮುಂದೆ ಈ ತಪ್ಪು ಹೇಳಿಕೊಳ್ಳಲು ನಾಚಿಕೆ.

ಕೊನೆಗೆ ಅತ್ತೆ ಅಡುಗೆಮನೆಗೆ ಹೋದಾಗ ಅಕ್ಕನಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ತಾಳು, ತೆಗೆದು ನೋಡ್ತೀನಿ... ಹೂಂ, ದಾಟಿಸಿಲ್ಲ ಕಣೇ."

"ಅಯ್ಯೋ ಅಕ್ಕಾ!"

"ಅಯ್ಯೋ ಯಾಕೆ? ಒಂದು ಸಾಲು ತಾನೆ, ಸೇರಿಸ್ದೆ. ಓಡಿಸಿಯೂ ನೋಡ್ದೆ, ಸರಿಯಾಗಿ ಹೋಗ್ತಿದೆ. ಫೋನಿಟ್ಟು ಮಲ್ಕೋ, ನಿಮ್ಮತ್ತೆ ಬಂದು ನನ್ನನ್ನೂ ಬೈಯೋ ಮೊದಲು!"