ಎರಡು ಪೆಟ್ಟಿಗೆಗಳ ನಡುವಿನ ಜಾಗ

ಸ್ಪೀಕರ್ ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದರೆ ಹಾಡುವವನ ನೆಗಡಿ ವಾಸಿಯಾಗುತ್ತದೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ, ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ನನ್ನ ಹಳೆಯ ಸಹವ್ಯಾಪಾರಿಗಳೂ ನಕ್ಕವರೇ. ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುತ್ತಾ ಆಯುಷ್ಯ ಸವೆಸಿದ ಕಿವಿ ನನ್ನದು. ಅದಕ್ಕೆ ವೃದ್ಧಾಪ್ಯದಲ್ಲಿ ಸಂಗೀತದ ಅಹಂಕಾರವೂ ಅಂಟಿಕೊಂಡಿತು.

ಶಾಸ್ತ್ರವೇನೋ ಸರಳ. ಎರಡು ಪೆಟ್ಟಿಗೆ, ಕೇಳುವವನ ಒಂದು ಕುರ್ಚಿ, ಮೂರಕ್ಕೂ ಸಮಾನ ಅಂತರ. ಎಲ್ಲವೂ ಸರಿಯಾಗಿ ಕೂತಾಗ ದನಿ ಪೆಟ್ಟಿಗೆಗಳಿಂದ ಬರುವುದೇ ಇಲ್ಲ. ಅವುಗಳ ನಡುವಿನ ಖಾಲಿ ಜಾಗದಲ್ಲಿ ಯಾರೋ ಕುಳಿತು ಹಾಡಿದಂತೆ ಭ್ರಮೆಯಾಗುತ್ತದೆ. ಆ ಭ್ರಮೆಗಾಗಿ ನಾನು ಎರಡು ತಿಂಗಳು ಅಳತೆಯ ಟೇಪು ಹಿಡಿದು, ನೆಲದ ಮೇಲೆ ಸೀಮೆಸುಣ್ಣದ ಗೀಟು ಎಳೆದು, ಹಜಾರವನ್ನು ಕುಂಟೆಬಿಲ್ಲೆಯ ಅಂಗಳ ಮಾಡಿದ್ದೆ.

ಮನೆಯಲ್ಲಿದ್ದವರು ಇಬ್ಬರೇ: ಮದುವೆಯ ಗೋಜಿಗೆ ಹೋಗದ ನಾನು, ಮೂವತ್ತಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ನನ್ನಕ್ಕ. ಬರಿಗೋಡೆ ದನಿಯನ್ನು ಹಿಂದಕ್ಕೆ ಎಸೆಯುತ್ತದೆಂದು ನಾನು ಗೊಣಗಿದಾಗ, ಮಂಡಿಯ ಗೋಣಿಚೀಲಗಳನ್ನು ದಬ್ಬಣದಿಂದ ಹೊಲಿದು ಪರದೆ ಮಾಡಿ ಕೊಟ್ಟವಳು ಅವಳೇ. ಪೆಟ್ಟಿಗೆ ಸರಿಸಿದಾಗಲೆಲ್ಲ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ತಂಬೂರಿಯ ಒಂದು ಎಳೆ, ಮೃದಂಗದ ಎರಡು ಪೆಟ್ಟು ಕೇಳಿಸಿ, ಅವಳ ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿಬಿಡುತ್ತಿದ್ದೆ.

"ಲೋ, ಒಂದ್ ಪೂರ್ತಿ ಹಾಡು ಹಾಕೋ. ಇಲ್ಲೇ ಕೂತು ಕೇಳ್ತೀನಿ," ಎಂದಳು ಒಂದು ಬುಧವಾರ.

"ಇರಕ್ಕ, ಇನ್ನೂ ಸರಿಹೋಗಿಲ್ಲ. ಭಾನುವಾರ ಹಾಕ್ತೀನಿ."

"ನಿನಗೆ ಸರಿಹೋಗೋ ಹೊತ್ಗೆ ನನ್ ಕಿವಿ ಮುಚ್ಕೊಂಡಿರ್ತವೆ ಕಣೋ," ಎಂದು ನಗುತ್ತಾ ಎದ್ದುಹೋದಳು.

ಶುಕ್ರವಾರ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟವಳು ಎದೆ ಹಿಡಿದಂಗಾಗ್ತೈತೆ ಎಂದಳು. ಆಟೋ ಬರುವಷ್ಟರಲ್ಲಿ ಹೋಗಿಬಿಟ್ಟಳು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂವಿಟ್ಟು, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕಣಕಟ್ಟೆಯಿಂದ ಬಂದ ನೆಂಟರು ಜಾಗ ಬಿಡಿಸಲು ಪೆಟ್ಟಿಗೆಗೆ ಕೈ ಹಾಕಿದರು. ಆಗ ನಾನು, ಒಡಹುಟ್ಟಿದವಳ ಹೆಣ ಎದುರಿಗಿಟ್ಟುಕೊಂಡು, ಏನೆಂದೆ ಗೊತ್ತೆ? "ಅದನ್ನ ಮುಟ್ಟಬೇಡ್ರೋ, ಅಳತೆ ಕೆಡುತ್ತೆ!"

ಎಲ್ಲರೂ ನನ್ನ ಮುಖ ನೋಡಿದರು. ದುಃಖಕ್ಕೆ ಬುದ್ಧಿ ಕೆಟ್ಟಿದೆಯೆಂದು ಕ್ಷಮಿಸಿದರು ಕೂಡ. ಅಲ್ಲ ಸ್ವಾಮೀ, ಎರಡು ತಿಂಗಳಿಂದ ಕೆಟ್ಟೇ ಇದ್ದ ಬುದ್ಧಿ ಅದು. ಈಗಲೂ ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಪೆಟ್ಟಿಗೆಗಳನ್ನು ಇದ್ದಲ್ಲೇ ಬಿಟ್ಟು, ನಡುವಿನ ಖಾಲಿ ಜಾಗದಲ್ಲಿ ಅಕ್ಕನನ್ನು ಕೂರಿಸಿದರು. ಗಾಯಕ ಕುಳಿತಂತೆ ಕೇಳಬೇಕಾದ ಆ ಜಾಗದಲ್ಲಿ ಅವಳು ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದಳು.

ಮಧ್ಯಾಹ್ನ ಭಜನೆಯವರು ಬಂದರು. ತಾಳ ಹಿಡಿದ ಹಿರಿಯರೊಬ್ಬರು ನನ್ನ ಪಕ್ಕಕ್ಕೆ ಬಗ್ಗಿ ಮೆಲ್ಲಗೆ ಕೇಳಿದರು: "ಅಕ್ಕಾರಿಗೆ ಯಾವ ಪದ ಇಷ್ಟ ಇತ್ತು ಹೇಳಿ ಯಜಮಾನ್ರೇ, ಮೊದಲು ಅದನ್ನೇ ಹೇಳ್ತೀವಿ."

ಅವಳು ಕೇಳಬೇಕೆಂದಿದ್ದ ಆ ಒಂದು ಹಾಡು ಯಾವುದೆಂದು ನಾನು ಕೇಳಿಯೇ ಇರಲಿಲ್ಲ.

"ಯಾವುದಾದ್ರೂ ಹೇಳಿ," ಎಂದೆ.