ಹೂವಿನ ಜೊತೆ ಬಂದ ಬಂಗುಡೆ

2018 ಇರಬೇಕು, 2019 ಅಂದರೂ ನಾನು ವಾದಿಸುವುದಿಲ್ಲ. ಈ ಪ್ರಸಂಗವನ್ನು ಎಷ್ಟೋ ಸಲ ಹೇಳಿದ್ದೇನೆ. ಅದರಲ್ಲಿ ನಡೆದದ್ದೆಷ್ಟು, ಹೇಳುತ್ತ ಹೇಳುತ್ತ ನಾನು ಸೇರಿಸಿದ್ದೆಷ್ಟು ಎಂಬ ಖಾತರಿ ನನಗಿಲ್ಲ. ಆಗ ಬ್ರಹ್ಮಾವರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದೆ ಎಂಬುದಂತೂ ನಿಜ.

ನನ್ನ ಬಳಿ ಪಿಎಚ್.ಡಿ. ಮಾಡುತ್ತಿದ್ದ ವಿನೋದಾ ಎಲೆಯೇ ಇಲ್ಲದ ಒಂದು ಆರ್ಕಿಡ್ ಹಿಂದೆ ಬಿದ್ದಿದ್ದಳು. ಬೈಂದೂರಿನ ಮೂಡಣ ಕಾಡಿನಲ್ಲಿ, ಮಳೆಗಾಲದ ತರಗೆಲೆಗಳ ನಡುವೆ, ನಾಲ್ಕೈದು ದಿನ ತಲೆಯೆತ್ತಿ ಕರಗಿಹೋಗುವ ಮಸುಕು ಬಿಳಿ ಹೂವು ಅದು. ಅರಣ್ಯ ಇಲಾಖೆಯ ಅನುಮತಿ ಸಿಕ್ಕಿದ್ದು ಒಂದೇ ಗಿಡಕ್ಕೆ. ಅದರ ಜೀನೋಮ್ ಸೀಕ್ವೆನ್ಸಿಂಗ್, ಅಂದರೆ ಡಿಎನ್‌ಎಯ ಅಕ್ಷರಗಳನ್ನು ಸಾಲಾಗಿ ಓದುವ ಕೆಲಸವೇ ಅವಳ ಪ್ರಬಂಧದ ಮುಖ್ಯ ಅಧ್ಯಾಯ.

ಮೂರು ತಿಂಗಳ ಮೇಲೆ ವರದಿ ಬಂತು. ಬೆಳಕಿನಿಂದ ಆಹಾರ ತಯಾರಿಸುವ ಜೀನ್‌ಗಳಲ್ಲಿ ಕೆಲವು ಕಳೆದಿರಬಹುದು ಎಂದು ನಾವು ಊಹಿಸಿದ್ದೆವು. ವರದಿಯಲ್ಲಿ ಒಂದೂ ಇರಲಿಲ್ಲ. ಬದಲಿಗೆ ಬಂಗುಡೆ ಮೀನಿನ ಡಿಎನ್‌ಎ ಇತ್ತು!

ವಿನೋದಾ ತಲೆ ತಗ್ಗಿಸಿದಳು. ಕಾಡಿನಿಂದ ಬರುವ ದಾರಿಯಲ್ಲಿ ಹೂವನ್ನಿಟ್ಟಿದ್ದ ಐಸ್ ಕರಗಿತ್ತಂತೆ. ಕುಂದಾಪುರದಲ್ಲಿ ಬಸ್ಸಿಳಿದು, ಅಲ್ಲಿ ಮೀನು ಮಾರುವ ತನ್ನ ಅಮ್ಮನ ಪೆಟ್ಟಿಗೆಯಿಂದ ಐಸ್ ತುಂಬಿಕೊಂಡಿದ್ದಳು. ಹೂವಿನ ಚೀಲದ ಬಾಯಿ ಸರಿಯಾಗಿ ಮುಚ್ಚಿರಲಿಲ್ಲ.

"ಈ ಅಧ್ಯಾಯವನ್ನು ಪ್ರಬಂಧದಿಂದ ತೆಗೆದುಬಿಡು" ಎಂದೆ. ತೆಗೆದರೆ ಮುಂದಿನ ಮಳೆಗಾಲದ ಹೂವು, ಅದರ ವರದಿ ಎಂದು ಇಡೀ ಒಂದು ವರ್ಷ ಕಾಯಬೇಕು, ಅಷ್ಟರೊಳಗೆ ಅವಳ ಫೆಲೋಶಿಪ್ ಮುಗಿಯುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ನನಗೆ ಸುಮ್ಮನೆ ಕೂರುವ ಅಭ್ಯಾಸವಿಲ್ಲ. ಮರುದಿನ ಬೆಳಿಗ್ಗೆ ಆ ಐಸ್ ಪೆಟ್ಟಿಗೆಯನ್ನೇ ನೋಡಲು ಅವಳೊಂದಿಗೆ ಕುಂದಾಪುರದ ಮೀನು ಮಾರುಕಟ್ಟೆಗೆ ಹೋದೆ. ಅವಳಮ್ಮ ಜಲಜಕ್ಕ ಬಂಗುಡೆ ರಾಶಿಯ ಹಿಂದೆ ಕೂತಿದ್ದರು.

"ಹ್ವಾಯ್ ಸಾರ್, ಹೂವಿನೊಳ್ಗೆ ನಮ್ ಬಂಗ್ಡಿ ಸಿಕ್ತಂಬ್ರಲೆ? ಮೊದ್ಲೇ ಹೇಳಿರೆ ಉಪ್ಪ್ ಖಾರ ಹಚ್ಚಿ ಕಳ್ಸ್ತಿದ್ದೆ!"

"ಅಮ್ಮ, ನೀ ಸುಮ್ನಿರ್" ಎಂದಳು ವಿನೋದಾ.

ನಾನು ಗಂಭೀರವಾಗಿ ವಿವರಿಸಿದೆ: ಹೂವಿನಲ್ಲಿ ಇರಬೇಕಾದದ್ದು ಕಾಣೆಯಾಗಿದೆ, ಮೀನು ಸೇರಿ ಎಲ್ಲ ಕೆಟ್ಟಿದೆ.

"ಮೀನಿಂದ್ ಹೂವಿಗ್ ಸೇರಿದ್ ಹೌದ್. ಹೂವಿನೊಳ್ಗ್ ಇದ್ದದ್ದ್ ಎಲ್ಲಿಗ್ ಹೋಯ್ತ್? ಸತ್ತ್ ಮೀನ್ ತಿಂತಾ ಸಾರ್?"

ಹಾಗೆ ಕೇಳಿದ್ದು ಜಲಜಕ್ಕ ಎಂದು ನನ್ನ ನೆನಪು. ತಾನೇ ಕೇಳಿದ್ದು ಎಂದು ವಿನೋದಾ ಇಂದಿಗೂ ಜಗಳವಾಡುತ್ತಾಳೆ. ಯಾರೇ ಕೇಳಿರಲಿ, ಪ್ರಶ್ನೆ ಸರಿಯಾಗಿತ್ತು.

ಲ್ಯಾಬಿಗೆ ಮರಳಿ ಮೀನಿನ ಡಿಎನ್‌ಎಯ ಸಾಲುಗಳನ್ನು ಬೇರ್ಪಡಿಸಿದೆವು. ಹೂವಿನ ಕ್ಲೋರೋಪ್ಲಾಸ್ಟಿನ, ಅಂದರೆ ಬೆಳಕಿನ ಜೀನ್‌ಗಳು ಇರಬೇಕಾಗಿದ್ದ ಕೋಶದ ಭಾಗದ, ಉಳಿದ ಜೀನ್‌ಗಳು ನೂರಾರು ಸಲ ಓದಿಗೆ ಸಿಕ್ಕಿದ್ದವು. ಬೆಳಕಿನ ಜೀನ್‌ಗಳು ಒಮ್ಮೆಯೂ ಇಲ್ಲ. ಮಾದರಿ ಕೆಟ್ಟಿದ್ದರೆ ಹೀಗೆ ಆರಿಸಿಕೊಂಡು ಕೆಡುತ್ತಿರಲಿಲ್ಲ. ಯಾವ ಆರ್ಕಿಡ್‌ನ ಧೂಳಿನಂಥ ಬೀಜವೂ ಕಾಡಿನಲ್ಲಿ ಮೊಳೆಯಬೇಕಾದರೆ ಶಿಲೀಂಧ್ರವೊಂದು ಅದಕ್ಕೆ ಉಣಿಸಬೇಕು. ನಮ್ಮ ಈ ಗಿಡ ಜೀವಮಾನವಿಡೀ ಹಾಗೆಯೇ ಉಣ್ಣುತ್ತದೆ. ಅಡುಗೆ ಮಾಡದ ಮನೆಯ ಒಲೆ ಹಾಳುಬೀಳುವಂತೆ, ಬೇಡವಾದ ಜೀನ್‌ಗಳು ವಿಕಾಸದ ಹಾದಿಯಲ್ಲಿ ಅಳಿದುಹೋಗಿದ್ದವು.

ಸಂಶಯ ಪಡುವುದು ನನ್ನ ಕೆಲಸ. ಆದರೆ ಒಂದು ತಪ್ಪು ಕಂಡಕೂಡಲೇ ಮಿಕ್ಕದ್ದನ್ನೆಲ್ಲ ಅದರ ತಲೆಗೆ ಕಟ್ಟುವುದು ಸಂಶಯವಲ್ಲ, ಸೋಮಾರಿತನ ಎಂದು ಅಂದು ಕಲಿತೆ. ಅಧ್ಯಾಯ ಉಳಿಯಿತು.

ಆದರೂ ಮುಂದಿನ ಮಳೆಗಾಲ ಹೊಸದಾಗಿ ಅನುಮತಿ ಪಡೆದು, ಅದೇ ಜಾಗದ ಇನ್ನೊಂದು ಹೂವನ್ನು ನಾನೇ ತೇವ ಹೀರುವ ಸಿಲಿಕಾ ಜೆಲ್‌ನಲ್ಲಿ ಒಣಗಿಸಿ ಕಳಿಸಿದೆ. ಬಂಗುಡೆ ಇರಲಿಲ್ಲ. ಆ ಜೀನ್‌ಗಳೂ ಇರಲಿಲ್ಲ.