ಮೂರನೇ ಮೇಜಿನ ಹೋಗ್ಲಿಬಿಡಿ

ಶಾಲೆಯ ಪ್ರಯೋಗಾಲಯದ ಸಹಾಯಕರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಹಾಜರಿ ಪುಸ್ತಕ ಬಿಟ್ಟರೆ ಅದು ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಹೋಗ್ಲಿಬಿಡಿ. ಯಾರು ಕಾಲು ತುಳಿದರೂ, ಸರದಿ ತಪ್ಪಿಸಿ ಮುಂದೆ ನುಗ್ಗಿದರೂ ಅವರಿಂದ ಬರುವುದು ಅದೊಂದೇ ಮಾತು. ಬರಬೇಕಿದ್ದ ಬಡ್ತಿ ನಿನ್ನೆ ಮೊನ್ನೆ ಸೇರಿದವನ ಪಾಲಾದಾಗಲೂ "ಹೋಗ್ಲಿ ಬಿಡಿ" ಎಂದು ಗಾಜಿನ ನಳಿಗೆ ತೊಳೆಯಲು ಕೂತರು. ಇದನ್ನು ದೊಡ್ಡ ಗುಣವೆಂದು ಹೊಗಳುವವರಿದ್ದಾರೆ. ನನಗಂತೂ ಅದರಲ್ಲಿ ಅರ್ಧ ಒಳ್ಳೆಯತನ, ಇನ್ನರ್ಧ ಜಗಳದ ಹೆದರಿಕೆ ಕಾಣುತ್ತದೆ. ಅವರ ಹೆಂಡತಿಯದೂ ಇದೇ ಅಭಿಪ್ರಾಯ. "ನಾಳೆ ಯಾರಾದ್ರೂ ಬಂದು ನನ್ನನ್ನೇ ಎತ್ಕೊಂಡು ಹೋದ್ರೂ ನೀವು ಅದನ್ನೇ ಅಂತೀರ" ಎಂದು ಆಕೆ ನೂರು ಸಲ ಹೇಳಿದ್ದರು.

ಇಂಥವರನ್ನು ಮಕ್ಕಳ ರೋಬಾಟ್ ಸ್ಪರ್ಧೆಗೆ ತೀರ್ಪುಗಾರರನ್ನಾಗಿ ಮಾಡಿದ್ದಕ್ಕೂ ಕಾರಣವಿತ್ತು. ಸ್ಪರ್ಧೆಯ ಮೇಜುಗಳನ್ನು ಮೊಳೆ ಹೊಡೆದು ಕೂಡಿಸಿದವರೇ ಅವರು, ನಿಯಮದ ಪುಸ್ತಕ ಅವರಿಗೆ ಬಾಯಿಪಾಠ. ಮೇಜಿನ ಮೂಲೆಯಲ್ಲೊಂದು ಬಾಗಿದ ಗೆರೆ, ಗೆರೆಯೊಳಗಿನದು 'ಮನೆ'. ಹೊರಡುವ ಮುಂಚೆ ರೋಬಾಟ್ ಪೂರ್ತಿ ಮನೆಯೊಳಗಿರಬೇಕು, ತಂತಿಯ ತುದಿಯೂ ಗೆರೆ ದಾಟಿರಬಾರದು. ತೀರ್ಪುಗಾರರು "ಬಿಡಿ" ಎಂದಮೇಲೆ ಗುಂಡಿ ಒತ್ತಿ ಕೈ ತೆಗೆಯಬೇಕು. ಅಲ್ಲಿಂದ ಅದು ತಾನೇ ಹೋಗಿ, ಕೆಲಸ ಮುಗಿಸಿ, ತಾನೇ ಮನೆಗೆ ಮರಳಬೇಕು. ಅದಕ್ಕೆ ಮೊದಲೇ ಮುಟ್ಟಿದರೆ, ಪ್ರತಿ ತಂಡಕ್ಕೂ ಕೊಟ್ಟಿರುವ ಆರು ಕೆಂಪು ಬಿಲ್ಲೆಗಳಲ್ಲಿ ಒಂದು ಹೋಯಿತು, ಅದರ ಅಂಕವೂ ಹೋಯಿತು. ಎಲ್ಲಕ್ಕೂ ಎರಡೂವರೆ ನಿಮಿಷ. ತೀರ್ಪುಗಾರರ ಪಟ್ಟೆ ಅಂಗಿ ತೊಟ್ಟು, ಬಗ್ಗಿ ನೋಡಿ, "ಚಕ್ರ ಒಳಗಿದೆ, ತೋಳು ಹೊರಗಿದೆ, ಇದು ಆಗಲ್ಲ ಮರಿ" ಎನ್ನುವಾಗ ಹೋಗ್ಲಿಬಿಡಿಯವರ ದನಿಯೇ ಬೇರೆ. ತಮ್ಮ ಮಾತಿಗೂ ಬೆಲೆಯಿದೆ ಎಂಬುದೇ ಅವರಿಗೆ ಹೊಸ ವಿಷಯವಾಗಿತ್ತು.

ಅವರ ಮೂರನೇ ಮೇಜಿಗೆ ಮೂವರು ಹುಡುಗಿಯರ ತಂಡ ಬಂತು. ಮೂರು ಸುತ್ತಿನಲ್ಲಿ ಒಳ್ಳೆಯದೊಂದನ್ನು ಲೆಕ್ಕಕ್ಕೆ ಹಿಡಿದು, ಮೊದಲ ಎಂಟು ತಂಡಗಳನ್ನು ಮುಂದಿನ ಹಂತಕ್ಕೆ ಕಳಿಸುವುದು ಕ್ರಮ. ಈ ಮಕ್ಕಳ ಮೊದಲೆರಡು ಸುತ್ತು ಸಡಿಲ ತಂತಿಯಿಂದ ಹಾಳಾಗಿತ್ತು. ಇದು ಕೊನೆಯದು. ಹೊರಡುವ ಹೊತ್ತಿಗೇ ಇಬ್ಬರು ಕಿತ್ತಾಟಕ್ಕೆ ನಿಂತರು.

"ಆ ತೋಳಲ್ಲ ಕಣೇ, ಉದ್ದದ್ದು ಹಾಕು ಅಂದಿದ್ನಲ್ಲ."

"ನೀನು ಹೇಳೇ ಇಲ್ಲ."

ಒಬ್ಬಳ ಕಣ್ಣು ತುಂಬಿತು. ನಮ್ಮವರ ಕರುಳು ಚುರುಕ್ಕೆಂದಿತು. "ಹೋಗ್ಲಿ, ಬಿಡಿ" ಎಂದುಬಿಟ್ಟರು.

ಗುಂಡಿಯ ಮೇಲೆ ಬೆರಳಿಟ್ಟು ಕಾದಿದ್ದ ಮೂರನೆಯವಳು, ಕನ್ನಡಕದವಳು, ಆ 'ಬಿಡಿ' ಕೇಳಿದ್ದೇ ತಡ ಗುಂಡಿ ಒತ್ತಿದಳು. ಪಕ್ಕದಲ್ಲಿ ಸಮಯ ನೋಡುವವನೂ ತನ್ನ ಗಡಿಯಾರ ಒತ್ತಿದ. ಅರ್ಧ ಸಿಕ್ಕಿಸಿದ ತೋಳನ್ನು ಎಳೆದುಕೊಂಡು ಹೊರಟ ರೋಬಾಟ್ ಗಿರಗಿರನೆ ತಿರುಗಿ ಮೇಜಿನ ಮೇಲಿದ್ದುದನ್ನೆಲ್ಲ ಉರುಳಿಸಿತು. ಮಕ್ಕಳು ಗಾಬರಿಯಿಂದ ಅದನ್ನು ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಎರಡೂವರೆ ನಿಮಿಷ ಮುಗಿಯುವಷ್ಟರಲ್ಲಿ ಒಂದು ಬಿಲ್ಲೆಯೂ ಉಳಿದಿರಲಿಲ್ಲ.

ಅಂಕದ ಹಾಳೆಗೆ ತಂಡದವರು ಸಹಿ ಹಾಕಬೇಕು. ಕನ್ನಡಕದವಳು ಪೆನ್ನು ತೆಗೆದುಕೊಂಡಳು. "ನಾನು ಸುಮ್ನೆ ಜಗಳ ಬಿಡಿಸೋಕೆ ಹಾಗಂದೆ ಮರಿ" ಎಂದರು ಇವರು, ತಡವರಿಸುತ್ತ.

"ಹೋಗ್ಲಿ ಬಿಡಿ ಸರ್. ನಾವೇ ಅವಸರ ಮಾಡಿದ್ವಿ."

ಹನ್ನೆರಡು ವರ್ಷದ ಮಗುವಿನ ಬಾಯಲ್ಲಿ ಆ ಮಾತು ಕೇಳಿ ಅವರಿಗೆ ನಾಚಿಕೆಯಾಯಿತು. ಅದರ ಹಿಂದೆ ಎಷ್ಟು ನುಂಗಿಕೊಳ್ಳಬೇಕಾಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಅವಳ ಕೈಯಿಂದ ಪೆನ್ನು ಕಿತ್ತುಕೊಂಡರು.

"ಯಾಕೆ ಹೋಗ್ಬೇಕು? ನಿಮ್ಮದಲ್ಲ ತಪ್ಪು. ಸಹಿ ಹಾಕ್ಬೇಡ" ಎಂದು ಹೇಳಿ, ನೇರ ಮುಖ್ಯ ತೀರ್ಪುಗಾರ್ತಿಯ ಮುಂದೆ ಹೋಗಿ ನಿಂತರು. ಆಕೆ ಮಹಾ ಖಡಕ್ ಹೆಂಗಸು.

"ಮಕ್ಕಳು ದೂರು ಕೊಟ್ಟಿಲ್ವಲ್ಲ. ನಿಮಗ್ಯಾಕೆ ಉಸಾಬರಿ?" ಎಂದರು ಆಕೆ.

"ಅವರು ಕೊಡಲ್ಲ ಮೇಡಂ. ನಾನು ಕೊಡ್ತಿದ್ದೀನಿ, ನನ್ನ ಮೇಲೇ."

"ತೀರ್ಪುಗಾರರದೇ ತಪ್ಪು ಅಂತ ಬರೆದುಕೊಟ್ರೆ ಮಾತ್ರ ಸುತ್ತು ಮತ್ತೆ ನಡೆಸಬಹುದು. ಆದ್ರೆ ಬರೆದವರು ಇವತ್ತು ಇನ್ಯಾವ ಮೇಜಿಗೂ ನಿಲ್ಲೋ ಹಾಗಿಲ್ಲ. ನೋಡಿ ಮತ್ತೆ."

ಅವರು ನೋಡುತ್ತ ಕೂರಲಿಲ್ಲ. 'ಮಕ್ಕಳು ಸಿದ್ಧವಾಗುವ ಮೊದಲೇ ಬಿಡಿ ಎಂದವನು ನಾನು' ಎಂದು ಬರೆದು, ಪಟ್ಟೆ ಅಂಗಿ ಕಳಚಿ ಮಡಿಸಿ ಮೇಜಿನ ಮೇಲಿಟ್ಟರು. ಸುಳ್ಳೇಕೆ, ಆ ಅಂಗಿ ಅವರಿಗೆ ಬಹಳ ಇಷ್ಟವಾಗಿತ್ತು.

ಬೇರೊಬ್ಬ ತೀರ್ಪುಗಾರ ಬಂದ. ಇವರು ಹಿಂದಿನ ಬೆಂಚಿನಲ್ಲಿ ಅಪ್ಪ ಅಮ್ಮಂದಿರ ನಡುವೆ ಕೂತರು. ಈ ಸಲ ತೋಳು ಸರಿಯಾಗಿ ಕೂತಿತ್ತು. ರೋಬಾಟ್ ಹೋಯಿತು, ಎತ್ತಬೇಕಾದ್ದನ್ನು ಎತ್ತಿತು, ಮರಳಿತು, ಗೆರೆಗೆ ಇನ್ನು ನಾಲ್ಕು ಬೆರಳಷ್ಟು ದೂರ ಇರುವಾಗ ನಿಂತೇಬಿಟ್ಟಿತು. ಉಳಿದದ್ದು ನಲವತ್ತು ಸೆಕೆಂಡು. ಕನ್ನಡಕದವಳು ಗಡಿಯಾರ ನೋಡಿದಳು, ರೋಬಾಟ್ ನೋಡಿದಳು, ಗಾಬರಿಯಿಲ್ಲದೆ ಕೈ ಚಾಚಿ ಅದನ್ನು ಎತ್ತಿ ಮನೆಯೊಳಗಿಟ್ಟಳು. ಒಂದು ಬಿಲ್ಲೆಯನ್ನು ತಾನೇ ತೆಗೆದು ತೀರ್ಪುಗಾರನ ಕೈಗಿಟ್ಟಳು.

"ಒಂದು ತಗೊಳ್ಳಿ. ಇನ್ನೊಂದು ಸಲ ಹೋಗಿ ಬರಕ್ಕೆ ಟೈಮಿದೆ."

ಹೋಗಿಯೂ ಬಂತು. ಕೊನೆಯ ಚಕ್ರ ಗೆರೆಯೊಳಗೆ ಬಂದಾಗ ಗಡಿಯಾರದಲ್ಲಿ ಮೂರು ಸೆಕೆಂಡಿತ್ತು. ಪಟ್ಟಿಯಲ್ಲಿ ಮಕ್ಕಳ ತಂಡ ಏಳನೆಯದು, ಎಂಟರೊಳಗೆ ಬಂತು.

ಹೋಗ್ಲಿಬಿಡಿಯವರು ಹೊರಗೆ ಬಂದು ಹೆಂಡತಿಗೆ ಫೋನು ಮಾಡಿದರು.

"ಏನಾಯ್ತ್ರೀ? ಯಾರು ಗೆದ್ರು?"

"ನಾವು ಗೆದ್ವಿ ಕಣೇ" ಎಂದರು.

ತೀರ್ಪುಗಾರನಾದವನು ಹಾಗನ್ನಬಾರದು. ಆದರೆ ಅವರೀಗ ತೀರ್ಪುಗಾರರಾಗಿರಲಿಲ್ಲವಲ್ಲ.